ಏಳು ಪೆಟ್ಟಿಗೆಗಳ ಮೇಲು-ಕೆಳಗು

ಆ ಶನಿವಾರ ಮಧ್ಯಾಹ್ನ ಮಗಳು ಆಫೀಸಿನಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನುಗ್ಗಿದಳು. ಮೇಜಿನ ಮೇಲೆ ಒರೆಸಿ ಕವುಚಿ ಹಾಕಿದ್ದ ಪಾತ್ರೆಗಳನ್ನೆಲ್ಲ ಮೊಣಕೈಯಿಂದ ಒಂದು ಮೂಲೆಗೆ ದೂಡಿ, ಕಂಕುಳಲ್ಲಿ ಸುತ್ತಿ ಹಿಡಿದಿದ್ದ ಉದ್ದನೆಯ ಕಾಗದವನ್ನು ಬಿಡಿಸಿ ಹಾಸಿದಳು. ಅದು ಮತ್ತೆ ಮುದುರಿಕೊಳ್ಳದ ಹಾಗೆ ಒಂದು ತುದಿಗೆ ಉಪ್ಪಿನ ಡಬ್ಬಿ, ಇನ್ನೊಂದು ತುದಿಗೆ ಅಜ್ಜಿಯ ಮಾತ್ರೆಯ ಡಬ್ಬಿ ಹೇರಿದಳು.

ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. ಕಾಗದದ ತುಂಬ ಕಪ್ಪು ಬಿಳುಪು ಗೆರೆಗಳು, ಯಾರೋ ದೊಡ್ಡ ಬಾಚಣಿಗೆಯಿಂದ ಬಾಚಿದ ಹಾಗೆ. ನಡುವೆ ಒಂದು ಕಡೆ ಮಾತ್ರ ದಟ್ಟವಾದ ಕರಿ ಪಟ್ಟಿ, ಮಚ್ಚೆಯ ಹಾಗೆ.

ಮಗಳು ಅದರ ಮೇಲೆ ಬೆರಳಿಟ್ಟು, ಇದು ತನ್ನದು ಎಂದಳು. ಎರಡು ವರ್ಷ ಬೇರೆಯವರ ಲೆಕ್ಕದ ಕಸ ಗುಡಿಸಿದ್ದೇ ಆಯಿತು, ಈಗ ತಾನೇ ಮೊದಲು ಕಂಡದ್ದು ಇದು, ಮೇಲಿನವರೂ ನೋಡಿ ತಲೆದೂಗಿದ್ದಾರೆ. ಸಮುದ್ರದ ತಳದ ಕೆಳಗೆ ಅನಿಲ ಸಿಕ್ಕಿಕೊಂಡಿರುವ ಜಾಗ ಇರಬಹುದು. ಸೋಮವಾರ ಮೂರು ಗಂಟೆಗೆ ಹೊರಗಿನಿಂದ ಕಂಪನಿಯವರು ಬರುತ್ತಾರೆ. ಎಲ್ಲಿ ಕೊರೆಯಬೇಕೆಂದು ಅವರು ತೀರ್ಮಾನಿಸುವ ಸಭೆ. ಅಲ್ಲಿ ಈ ಮಚ್ಚೆಯ ಬಗ್ಗೆ ಎದ್ದು ನಿಂತು ಮಾತಾಡುವವಳು ಅವಳೇ.

ಹೇಳುತ್ತ ಹೇಳುತ್ತ ಅವಳ ಕಿವಿ ಕೆಂಪಾಗಿತ್ತು. ಮಗುವಾಗಿದ್ದಾಗ ಶಾಲೆಯಿಂದ ಬಹುಮಾನದ ಪೆನ್ಸಿಲ್ ತಂದ ದಿನವೂ ಹೀಗೇ ಮೊದಲು ಕಿವಿ ಕೆಂಪಾಗುತ್ತಿತ್ತು. ತಾಯಿಗೆ ಗೆರೆಗಳಿಗಿಂತ ಆ ಕಿವಿಯನ್ನು ನೋಡುವುದೇ ಹೆಚ್ಚಾಯಿತು.

ತಾಯಿಗೂ ಈ ಗೆರೆಗಳಿಗೂ ನಂಟಿತ್ತು. ಒಂದೇ ಆವರಣದ ಒಳಗೆ ಮೂರನೇ ಮಹಡಿಯಲ್ಲಿ ಮಗಳ ಕಂಪ್ಯೂಟರ್ ಕೋಣೆ, ಅಂಗಳದ ಆಚೆ ತಗಡಿನ ಮಾಡಿನ ಕೆಳಗೆ ತಾಯಿಯ ವರ್ಕ್‌ಶಾಪ್. ಅಲ್ಲಿ ಅವಳು ಎಲ್ಲರಿಗೂ ಬೆಸುಗೆಯಕ್ಕ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಸಮುದ್ರದ ತಳಕ್ಕೆ ಇಳಿಯುವ ಹಳದಿ ಪೆಟ್ಟಿಗೆಗಳು ಕೆಟ್ಟು ಬಂದರೆ ಬಿಚ್ಚಿ, ಒಳಗಿನ ತಂತಿಗಳನ್ನು ಬೆಸೆದು, ಮುಚ್ಚಿ, ತಟ್ಟಿ ನೋಡಿ, ಮುಚ್ಚಳದ ಮೇಲೆ ಕಪ್ಪು ಬಣ್ಣದಲ್ಲಿ ಸಂಖ್ಯೆ ಬರೆದು ಕಳಿಸುವುದು ಅವಳ ಕೆಲಸ. ಹಡಗಿನವರು ಆ ಪೆಟ್ಟಿಗೆಗಳನ್ನು ಸಾಲಾಗಿ ತಳಕ್ಕೆ ಇಳಿಸುತ್ತಾರೆ. ಆಮೇಲೆ ನೀರಿನ ಮೇಲ್ಗಡೆ ಗಾಳಿಯನ್ನು ಬಂದೂಕಿನ ಹಾಗೆ ಸಿಡಿಸುತ್ತಾರೆ. ಆ ಸದ್ದು ಕೆಳಗಿಳಿದು, ತಳವನ್ನು ಹೊಕ್ಕು, ಒಳಗಿನ ಕಲ್ಲಿನ ಪದರಗಳಿಗೆ ಬಡಿದು ಮೇಲಕ್ಕೆ ಮರಳುತ್ತದೆ. ಮರಳಿದ್ದನ್ನು ಪೆಟ್ಟಿಗೆಗಳು ಬರೆದಿಟ್ಟುಕೊಳ್ಳುತ್ತವೆ.

ರಗಳೆ ಏನೆಂದರೆ, ಹಾಗೆ ಏರಿಬಂದ ಸದ್ದು ಅಲ್ಲಿಗೇ ಸುಮ್ಮನಾಗುವುದಿಲ್ಲ. ನೀರಿನ ಮೇಲ್ಮೈಗೆ ತಲೆ ಚಚ್ಚಿಕೊಂಡು ಮತ್ತೆ ಕೆಳಗೆ ಬರುತ್ತದೆ. ಪೆಟ್ಟಿಗೆ ಅದನ್ನೂ ಬರೆದುಕೊಳ್ಳುತ್ತದೆ. ಏರುವ ಸದ್ದಿನಲ್ಲಿ ನೆಲದೊಳಗಿನ ಸುದ್ದಿ ಇರುತ್ತದೆ. ಇಳಿಯುವುದರಲ್ಲಿ ಇರುವುದು ಸಮುದ್ರದ ಸೂರಿನಿಂದ ವಾಪಸು ಬಂದ ಹಳೇ ಸುದ್ದಿ, ಅದೂ ಹೊಸದರ ವೇಷದಲ್ಲಿ. ಮಗಳ ಕೋಣೆಯಲ್ಲಿ ಅದಕ್ಕೆ ದೆವ್ವ ಎಂದೇ ಹೆಸರು. ಏರುವುದನ್ನೂ ಇಳಿಯುವುದನ್ನೂ ಬಿಡಿಸಿ ಬೇರೆ ಬೇರೆ ಇಡುವುದೇ ಅವಳ ಕಸುಬು.

ಅದು ಹೇಗೆ ಸಾಧ್ಯ ಎಂದು ಮನೆಯಲ್ಲಿ ಮೊದಲ ಸಲ ಕೇಳಿದಾಗ ಮಗಳು ಅಜ್ಜಿಯನ್ನು ತೋರಿಸಿದ್ದಳು. ಅಜ್ಜಿ ಅಂದರೆ ಬೆಸುಗೆಯಕ್ಕನ ಅತ್ತೆ. ಅವರಿಗೆ ಒಂದೇ ಕಿವಿ ಕೇಳಿಸುವುದು. ದಡಬಡ ಸದ್ದಾದರೆ ಆಯಿತು ಎಂದು ಗೊತ್ತಾಗುತ್ತದೆ, ಮೇಲಿನ ಮನೆಯದೋ ಕೆಳಗಿನ ಮನೆಯದೋ ಗೊತ್ತಾಗುವುದಿಲ್ಲ. ಯಾವುದಕ್ಕೂ ಇರಲಿ ಎಂದು ಯಾವಾಗಲೂ ಮೇಲಿನ ಮನೆಯವರನ್ನೇ ಬೈಯುತ್ತಾರೆ. ಆದರೆ ಕೋಲನ್ನು ನೆಲಕ್ಕೆ ಊರಿ ಕೂತಿದ್ದರೆ ಅಂಗೈಗೆ ನಡುಕ ತಿಳಿಯುತ್ತದೆ. ಆಗ ಕೆಳಗಿನ ಮನೆಯ ಹೊಲಿಗೆ ಯಂತ್ರ ಎಂದು ಒಪ್ಪಿಕೊಳ್ಳುತ್ತಾರೆ, ಮುಖ ಊದಿಸಿಕೊಂಡು. ಪೆಟ್ಟಿಗೆಗೂ ಹೀಗೇ ಒಂದು ಕಿವಿ, ಒಂದು ಕೋಲು ಎಂದಿದ್ದಳು ಮಗಳು. ಕಿವಿಗೆ ನೀರಿನ ಒತ್ತಡ ಮಾತ್ರ ಗೊತ್ತು, ದಿಕ್ಕು ಗೊತ್ತಿಲ್ಲ. ಕೋಲು ಎಂದರೆ ಒಳಗಿನ ಕಾಯಿಲ್, ತಂತಿಯ ಸುರುಳಿ. ಅದಕ್ಕೆ ತಳ್ಳಿದ್ದು ಕೆಳಗಿನಿಂದಲೋ ಮೇಲಿನಿಂದಲೋ ಗೊತ್ತು. ಎರಡೂ ಹೇಳಿದ್ದನ್ನು ಕೂಡಿಸಿದರೆ ಇಳಿಯುವ ಸದ್ದು ಅಳಿಸಿಹೋಗಿ ಏರುವುದು ಉಳಿಯುತ್ತದೆ. ಕಳೆದರೆ ಏರುವುದು ಅಳಿಸಿ ಇಳಿಯುವುದು ಉಳಿಯುತ್ತದೆ. ಅಷ್ಟೇ.

ಆ ಕಾಯಿಲ್ಲಿಗೆ ಕೆಂಪು, ಕಪ್ಪು ಎರಡು ತಂತಿ ಬೆಸೆಯುವ ಕೈ ಬೆಸುಗೆಯಕ್ಕನದು.

ಶನಿವಾರದ ಆ ಕಾಗದವನ್ನು ಅತ್ತೆಯೂ ಬಂದು ನೋಡಿದರು. ಮೂಗನ್ನು ಕಾಗದಕ್ಕೆ ತಾಗಿಸುವಷ್ಟು ಬಗ್ಗಿ, ಮಚ್ಚೆಯ ಎರಡೂ ಅಂಚಿನ ಮೇಲೆ ಉಗುರು ಎಳೆದರು.

"ಇದೇನೇ, ಕತ್ತರೀಲಿ ಕತ್ತರಿಸಿದ ಹಾಗಿದೆ? ಮಣ್ಣೊಳಗಿರೋದು ಹೀಗೆ ಗೆರೆ ಎಳೆದ ಹಾಗೆ ನಿಂತ್ಕೊಳ್ತದಾ?"

ಮಗಳು ನಕ್ಕು, ಅಜ್ಜಿಗೆ ಮೇಲಿನ ಮನೆಯವರು ಸಾಲದೆ ಈಗ ಸಮುದ್ರದ ಮೇಲೂ ಕಣ್ಣು ಬಿತ್ತು ಎಂದಳು. ನೆಲ ಎಲ್ಲೋ ಬಿರುಕು ಬಿಟ್ಟು ಜಾರಿದ್ದರೆ ಅಂಚು ನೇರ ಇರುತ್ತದೆಯಂತೆ. ಮೇಲಿನವರೂ ಅದನ್ನೇ ಹೇಳಿದರಂತೆ. ಆಮೇಲೆ ಕಾಗದದ ಕೆಳ ಅಂಚನ್ನು ತಾಯಿಗೆ ತೋರಿಸಿದಳು. ಅಲ್ಲಿ ಸಾಲಾಗಿ ಪುಟ್ಟ ಅಂಕಿಗಳಿದ್ದವು.

"ನೋಡಮ್ಮ, ಎಲ್ಲ ನಿನ್ನ ನಂಬರ್‌ಗಳೇ. ನನ್ನ ಮಚ್ಚೆ ಸಿಕ್ಕಿರೋದು ನಿನ್ನ ಪೆಟ್ಟಿಗೇಲಿ. ಮುನ್ನೂರ ಇಪ್ಪತ್ತೊಂದರಿಂದ ಇಪ್ಪತ್ತೇಳು."

ತಾಯಿ ಹಿಗ್ಗಿದಳು. ಮಗಳ ತಲೆ ಸವರಿ ಮತ್ತೆ ಸಿಂಕಿನ ಕಡೆ ತಿರುಗಿದಳು. ದೊಡ್ಡ ಪಾತ್ರೆ ಎತ್ತುವಾಗ ಬಲ ಮಣಿಕಟ್ಟಿನಲ್ಲಿ ಚುಳುಕ್ ಎಂದಿತು. ಎಡಗೈಗೆ ಬದಲಿಸಿಕೊಂಡಳು. ಈ ಬದಲಿಸಿಕೊಳ್ಳುವ ಚಾಳಿ ಬಿದ್ದು ನಾಲ್ಕು ತಿಂಗಳಾಗಿತ್ತು, ಯಾರೂ ಗಮನಿಸಿರಲಿಲ್ಲ.

ಗಮನಿಸಬಾರದು ಎಂದೇ ಅವಳು ಹಾಗೆ ಮಾಡುತ್ತಿದ್ದದ್ದು. ವರ್ಕ್‌ಶಾಪಿನಲ್ಲಿ ಕೈ ನೋಯುವವರನ್ನು ಬೆಸುಗೆಯ ಮೇಜಿನಿಂದ ಎಬ್ಬಿಸಿ ಉಂಗುರದ ಮೇಜಿಗೆ ಕೂರಿಸುತ್ತಿದ್ದರು. ಅಲ್ಲಿ ಪೆಟ್ಟಿಗೆಗೆ ನೀರು ನುಗ್ಗದ ಹಾಗೆ ಹಾಕುವ ರಬ್ಬರ್ ಉಂಗುರಗಳನ್ನು ಒರೆಸಿ, ಗ್ರೀಸ್ ಹಚ್ಚಿ, ತಟ್ಟೆಯಲ್ಲಿ ಜೋಡಿಸುತ್ತ ಕೂರಬೇಕು. ಸಂಬಳ ಅದೇ. ಆದರೆ ಆ ಮೇಜಿಗೆ ಹೋದವರು ಯಾರೂ ಬೆಸುಗೆಗೆ ವಾಪಸು ಬಂದದ್ದನ್ನು ಅವಳು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ದಿಂಬಿನ ಚೀಲಗಳನ್ನು ಒಂದೊಂದಾಗಿ ಕೊಡವಿ ತಂತಿಗೆ ಹಾಕುತ್ತ, ಸುಮ್ಮನೆ ಎಣಿಸುವುದು ಅವಳ ಅಭ್ಯಾಸ. ಐದು, ಆರು, ಏಳು. ಏಳನೆಯದನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಕೈ ಅಲ್ಲೇ ನಿಂತಿತು.

ಏಳು ಪೆಟ್ಟಿಗೆ. ಒಂದರ ಪಕ್ಕ ಒಂದು. ಒಂದೇ ದಿನದ ಕೆಲಸ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಹನ್ನೊಂದು ವಾರದ ಹಿಂದೆ, ಮಣಿಕಟ್ಟು ಮುಟ್ಟಿದರೆ ಪ್ರಾಣ ಹೋಗುವಂತಿದ್ದ ದಿನ. ರೂಢಿಯ ಪ್ರಕಾರ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಮಲಗಿಸಿ, ಬುಡದ ಮುಚ್ಚಳದಿಂದ ಕೈಹಾಕಿ ಬೆಸೆಯುವುದು. ಆಮೇಲೆ ಮುಚ್ಚಿ, ಹನ್ನೆರಡು ಕೇಜಿಯ ಆ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಮರದ ಸುತ್ತಿಗೆಯಿಂದ ನೆತ್ತಿಗೆ ಮೆಲ್ಲನೆ ತಟ್ಟುವುದು. ಪಕ್ಕದ ಪುಟ್ಟ ಪರದೆಯಲ್ಲಿ ಗೆರೆ ಮೊದಲು ಕೆಳಗೆ ಕುಕ್ಕಬೇಕು. ಮೇಲಕ್ಕೆ ಚಿಮ್ಮಿದರೆ ಕಾಯಿಲ್ ಉಲ್ಟಾ ಎಂದರ್ಥ. ಆಗ ಕೆಂಪು ಕಪ್ಪು ತಂತಿಗಳನ್ನು ಅದಲು ಬದಲು ಮಾಡಬೇಕು. ಇದು ವರ್ಕ್‌ಶಾಪಿನ ಮೇಸ್ತ್ರಿ ಕಲಿಸಿದ ಪಾಠ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಆ ದಿನ ಎತ್ತಿ ನಿಲ್ಲಿಸಲು ಕೈ ಬರಲಿಲ್ಲ. ಹಳೆಯ ಕಾಲದ ಕಾಯಿಲ್ ಆಗಿದ್ದರೆ ತಲೆಕೆಳಗಾದ ಕೂಡಲೇ ಅಂಟಿಕೊಂಡು ಮಾತೇ ಆಡುತ್ತಿರಲಿಲ್ಲ. ಹೊಸದು ಹೇಗೆ ಇಟ್ಟರೂ ಕೆಲಸ ಮಾಡುತ್ತದೆ. ಮಲಗಿದ ಹಾಗೆಯೇ ತಟ್ಟಿದರೆ ಏನಂತೆ ಎಂದು ಬುಡದ ಮೇಲೇ ತಟ್ಟಿದಳು. ಗೆರೆ ಮೇಲಕ್ಕೆ ಚಿಮ್ಮಿತು. ಕಾಯಿಲ್ ಉಲ್ಟಾ ಬಂದಿದೆ ಎಂದುಕೊಂಡು ಹಲ್ಲುಕಚ್ಚಿ ಮತ್ತೆ ಬಿಚ್ಚಿ ತಂತಿ ಬದಲಿಸಿದಳು. ಎರಡನೆಯದೂ ಹಾಗೇ. ಏಳೂ ಹಾಗೇ. ಸಂಜೆ ಮೇಸ್ತ್ರಿಗೆ, ಹೊಸ ಸರಕಿನಲ್ಲಿ ಏಳು ಕಾಯಿಲ್ ಉಲ್ಟಾ ಇದ್ದವು, ಸರಿಮಾಡಿದೆ ಎಂದು ತೋರಿಸಿದಾಗ ಅವರು ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ, ಕಣ್ಣು ಅಂದರೆ ಇದಪ್ಪ ಎಂದಿದ್ದರು. ಮಾರನೇ ದಿನ ನೋವು ತಗ್ಗಿ, ಪೆಟ್ಟಿಗೆಗಳನ್ನು ಎತ್ತಿ ನಿಲ್ಲಿಸಿಯೇ ತಟ್ಟಿದಳು. ಒಂದು ಕಾಯಿಲ್ ಕೂಡ ಉಲ್ಟಾ ಬರಲಿಲ್ಲ. ಕೆಟ್ಟ ಸರಕು ಮುಗಿಯಿತು ಎಂದುಕೊಂಡಳು.

ಈಗ ಬಟ್ಟೆಯ ತಂತಿಯ ಕೆಳಗೆ ನಿಂತು ಅಂಗೈಯನ್ನು ಅಂಗಾತ ಹಿಡಿದಳು, ಬೋರಲು ಮಾಡಿದಳು. ಮತ್ತೆ ಅಂಗಾತ. ಪೆಟ್ಟಿಗೆಯೇ ತಲೆಕೆಳಗಾಗಿದ್ದರೆ ಮೇಲಿನಿಂದ ಬಿದ್ದ ಪೆಟ್ಟು ಕಾಯಿಲ್ಲಿನ ಲೆಕ್ಕಕ್ಕೆ ಕೆಳಗಿನದು. ಕಾಯಿಲ್ ಸರಿಯಾಗಿಯೇ ಇತ್ತು. ಉಲ್ಟಾ ಮಾಡಿದವಳು ತಾನು. ಆ ಏಳು ಪೆಟ್ಟಿಗೆಗಳು ಸಮುದ್ರದ ತಳದಲ್ಲಿ ಏರಿದ್ದನ್ನು ಇಳಿಯಿತು ಎಂದೂ ಇಳಿದದ್ದನ್ನು ಏರಿತು ಎಂದೂ ಬರೆದುಕೊಂಡು ಬಂದಿವೆ. ಮಗಳು ಅವನ್ನು ನಂಬಿ ಕೂಡಿಸಿದ್ದಾಳೆ.

ಹಾಗಾದರೆ ಆ ಮಚ್ಚೆ?

ಉಳಿದ ಬಟ್ಟೆಗಳನ್ನು ಹಿಂಡಿದ ಹಾಗೆಯೇ ಬುಟ್ಟಿಯಲ್ಲಿ ಬಿಟ್ಟು ಕೆಳಗಿಳಿದಳು.

ಮಗಳು ಕನ್ನಡಿಯ ಮುಂದೆ ನಿಂತು ನಾಳಿನ ಮಾತು ಗಟ್ಟಿಮಾಡುತ್ತಿದ್ದಳು. ಅಜ್ಜಿ ಹಾಸಿಗೆಯ ಮೇಲೆ ಕಂಪನಿಯವರ ಹಾಗೆ ಕಾಲಮೇಲೆ ಕಾಲು ಹಾಕಿ ಕೂತು, ಜೋರಾಗಿ ಹೇಳು, ಕೇಳಿಸಲಿಲ್ಲ ಎಂದು ಪ್ರತಿ ವಾಕ್ಯಕ್ಕೂ ತಡೆಯುತ್ತಿದ್ದರು. ತಾಯಿ ಬಾಗಿಲಲ್ಲಿ ನಿಂತಳು. ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದು ಬೇರೆಯೇ ರೂಪದಲ್ಲಿ ಹೊರಬಿತ್ತು: ಎಲ್ಲ ಪೆಟ್ಟಿಗೆಗಳನ್ನೂ ಒಂದೊಂದಾಗಿ ನೋಡಿದ್ದೀಯಾ ಎಂದು ಕೇಳಿದಳು.

ಮಗಳು ಕನ್ನಡಿಯಿಂದಲೇ ಉತ್ತರ ಕೊಟ್ಟಳು. ಹತ್ತಕ್ಕೊಂದು ನೋಡುವುದು ತಮ್ಮಲ್ಲಿ ರೂಢಿ. ಬಂದೂಕಿನಿಂದ ನೇರ ಕೆಳಗೆ ಬಂದ ಮೊದಲ ಸದ್ದು ಇಳಿಯುವ ಪಾಲಿನಲ್ಲಿ ಮಾತ್ರ ಇರಬೇಕು, ಏರುವ ಪಾಲಿನಲ್ಲಿ ಕಾಣಬಾರದು, ಅದೇ ಪರೀಕ್ಷೆ. ಮುನ್ನೂರ ಹತ್ತು ನೋಡಿದೆ, ಇಪ್ಪತ್ತು ನೋಡಿದೆ, ಮೂವತ್ತು ನೋಡಿದೆ, ಎಲ್ಲ ಸರಿಯಾಗಿತ್ತು ಎಂದಳು. ಮತ್ತೆ ತಿರುಗಿ ನೋಡಿ ಕೇಳಿದಳು:

"ಯಾಕಮ್ಮ? ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ?"

ಅದೆಲ್ಲ ಏನಿಲ್ಲ ಎಂದು ತಾಯಿ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ನೀರಿಟ್ಟು ಚಹಾಪುಡಿ ಹಾಕುವುದನ್ನು ಮರೆತು, ಕುದಿಯುವ ಬರೀ ನೀರನ್ನೇ ನೋಡುತ್ತ ನಿಂತಳು.

ಇಡೀ ಭಾನುವಾರ ಅವಳ ತಲೆಯಲ್ಲಿ ಎರಡು ಮಾತು ಹೊಡೆದಾಡಿದವು. ತನಗೆ ಖಚಿತವಾಗಿ ಗೊತ್ತಿಲ್ಲ. ಸಂಖ್ಯೆಗಳು ಬೇರೆಯೇ ಇರಬಹುದು, ನೋಟ್‌ಬುಕ್ ವರ್ಕ್‌ಶಾಪಿನಲ್ಲಿದೆ. ಗೊತ್ತಿಲ್ಲದ್ದನ್ನು ಹೇಳಿ ಮಗುವಿನ ಎದೆಗೆಡಿಸುವುದು ಯಾಕೆ ಎಂಬುದು ಒಂದು. ಖಚಿತ ಮಾಡಿಕೊಳ್ಳಲು ನಿನಗೇ ಮನಸ್ಸಿಲ್ಲ, ಹೇಳಿದರೆ ಕೈನೋವಿನ ಗುಟ್ಟೂ ಹೊರಬೀಳುತ್ತದಲ್ಲ ಎಂಬುದು ಇನ್ನೊಂದು. ಎರಡನೆಯದು ಕೇಳಿಸದ ಹಾಗೆ ಅವಳು ಕಪಾಟಿನ ಹಾಳೆಗಳನ್ನೆಲ್ಲ ತೆಗೆದು ಹೊಸದಾಗಿ ಹಾಸಿದಳು, ಜಾಡಿಗಳನ್ನು ಒರೆಸಿದಳು. ಅತ್ತೆ ಅದನ್ನು ನೋಡಿ, ಈ ಮನೆಗೆ ಯಾರಾದರೂ ಹೆಣ್ಣು ನೋಡಲು ಬರುತ್ತಿದ್ದಾರಾ ಎಂದು ಕುಟುಕಿದರು.

ಸೋಮವಾರ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದಳು. ಮೇಜಿನ ಖಾನೆಯಿಂದ ನೋಟ್‌ಬುಕ್ ತೆಗೆದಳು. ಹತ್ತೊಂಬತ್ತು ವರ್ಷದಲ್ಲಿ ಇದು ಹದಿನಾರನೆಯದು. ಪ್ರತಿ ಪೆಟ್ಟಿಗೆಗೂ ಒಂದು ಸಾಲು: ಸಂಖ್ಯೆ, ಏನು ಕೆಟ್ಟಿತ್ತು, ಏನು ಮಾಡಿದೆ. ಯಾರೂ ಬರೆಯಿರಿ ಎಂದು ಹೇಳಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಪುಟ ತಿರುವಿದಳು. ದುಂಡಗಿನ ಅವಳದೇ ಅಕ್ಷರ. 321ರಿಂದ 327, ಏಳೂ ಕಾಯಿಲ್ ಉಲ್ಟಾ, ತಂತಿ ಬದಲಿಸಿದೆ.

ಇನ್ನೂ ಒಂದು ಆಸೆ ಉಳಿದಿತ್ತು. ಮೂಲೆಯಲ್ಲಿದ್ದ ಒಂದು ಸರಿಯಾದ ಪೆಟ್ಟಿಗೆಯನ್ನು ಎಳೆದು ತಂದಳು. ನೆಟ್ಟಗೆ ನಿಲ್ಲಿಸಿ ತಟ್ಟಿದಳು. ಗೆರೆ ಕೆಳಗೆ ಕುಕ್ಕಿತು. ಎರಡೂ ಕೈ, ಮೊಣಕೈ, ಎದೆ ಎಲ್ಲ ಕೊಟ್ಟು ಅದನ್ನು ಬೋರಲು ಮಾಡಿ ತಟ್ಟಿದಳು. ಮೇಲಕ್ಕೆ ಚಿಮ್ಮಿತು. ಇನ್ನೊಮ್ಮೆ ತಟ್ಟಿದಳು. ಮತ್ತೆ ಮೇಲಕ್ಕೆ. ಇನ್ನು ತಟ್ಟಿ ಪ್ರಯೋಜನವಿರಲಿಲ್ಲ.

ತಿರುಗಿದರೆ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು, ಇನ್ನೂ ಊಟದ ಡಬ್ಬಿಯನ್ನೂ ಕೆಳಗಿಟ್ಟಿರಲಿಲ್ಲ. ಪೆಟ್ಟಿಗೆಯನ್ನೂ ಪರದೆಯನ್ನೂ ಅವಳು ಹಿಡಿದುಕೊಂಡಿದ್ದ ಮಣಿಕಟ್ಟನ್ನೂ ಒಂದೊಂದಾಗಿ ನೋಡಿದರು. ಅವಳು ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದಳು. ಕೈನೋವನ್ನೂ ಹೇಳಿದಳು. ಒಮ್ಮೆ ಬಾಯಿ ತೆರೆದ ಮೇಲೆ ಅದು ಅಷ್ಟು ಕಷ್ಟವಾಗಲಿಲ್ಲ, ಮುಳ್ಳು ತೆಗೆದ ಹಾಗೆ, ತೆಗೆಯುವ ತನಕ ಮಾತ್ರ. ಮೇಸ್ತ್ರಿ ಬಹಳ ಹೊತ್ತು ಆ ಸಾಲನ್ನೇ ಓದಿದರು.

"ಅವತ್ತು ಎಲ್ಲರ ಎದುರಿಗೆ ಹೊಗಳಿಬಿಟ್ಟೆ. ಈಗ ಅದನ್ನ ಹೆಂಗೆ ವಾಪಸ್ ತಗೊಳ್ಳೋದು ಅಕ್ಕ?"

ತಮಾಷೆಯೋ ಬೇಸರವೋ ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಆಮೇಲೆ, ಮೇಲಿನ ಕೋಣೆಗೆ ಫೋನ್ ಮಾಡಲೇ ಎಂದು ಕೇಳಿದರು. ಬೇಡ ಎಂದಳು. ತಾನೇ ಹೋಗುತ್ತೇನೆ ಎಂದಳು.

ಅಂಗಳ ದಾಟಿದರೆ ಆ ಕಟ್ಟಡ. ಮಗಳು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ತಾಯಿ ಒಮ್ಮೆಯೂ ಮೇಲೆ ಹತ್ತಿರಲಿಲ್ಲ. ಗ್ರೀಸ್ ಮೆತ್ತಿದ ಅಂಗಿಯಲ್ಲಿ ಆ ನುಣುಪು ನೆಲದ ಮೇಲೆ ಓಡಾಡಿ ಮಗಳಿಗೆ ಮುಜುಗರ ಮಾಡಬಾರದೆಂಬುದು ಅವಳ ಲೆಕ್ಕ. ಈಗ ಅದೇ ಅಂಗಿಯಲ್ಲಿ, ಕಂಕುಳಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಗಂಟೆ ಹತ್ತಾಗಿತ್ತು. ಮೂರು ಗಂಟೆಗೆ ಇನ್ನೂ ಹೊತ್ತಿತ್ತು. ಇಲ್ಲಿಂದಲೇ ಕೆಳಗಿಳಿದರೂ ಯಾರೂ ಕೇಳುತ್ತಿರಲಿಲ್ಲ. ಮೇಸ್ತ್ರಿ ಕೇಳುತ್ತಿದ್ದರು. ಅದಕ್ಕೇ ಅವರಿಗೆ ಮೊದಲು ಹೇಳಿದೆನೇನೋ ಎಂದು ಅವಳಿಗೇ ಅನ್ನಿಸಿತು.

ಮೇಲೆ ಯಾರೋ ಒಳಗೆ ಹೋಗಿ ಹೇಳಿದ್ದೇ ಮಗಳು ಕಾರಿಡಾರಿಗೆ ಓಡಿಬಂದಳು. ತಾಯಿಯನ್ನು ಅಲ್ಲಿ ನೋಡಿ ಮುಖ ಬಿಳುಚಿತು.

"ಏನಮ್ಮ? ಅಜ್ಜಿಗೇನಾದ್ರೂ ಆಯ್ತಾ?"

"ಅಜ್ಜಿ ಚೆನ್ನಾಗಿದಾರೆ. ಆ ಏಳು ಪೆಟ್ಟಿಗೆ ನಾನು ತಲೆಕೆಳಗಾಗಿ ತಟ್ಟಿದ್ದೆ ಕಣೇ. ತಂತಿ ಅದಲು ಬದಲಾಗಿದೆ."

ಅಷ್ಟು ಸಾಕಾಯಿತು. ವಿವರಿಸಬೇಕಾಗಿ ಬಂದಿದ್ದರೆ ತಾಯಿಗೆ ಸುಲಭವಾಗುತ್ತಿತ್ತು. ಮಗಳ ಕಣ್ಣು ಒಂದು ಗಳಿಗೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಗೋಡೆಯ ಮೇಲೆ ನಿಂತಿತು. ಕೂಡಿಸಿದ್ದು ಕಳೆದ ಹಾಗಾಗಿದೆ ಎಂಬ ಲೆಕ್ಕ ಅವಳ ಮುಖದ ಮೇಲೇ ನಡೆಯುವುದನ್ನು ತಾಯಿ ನೋಡುತ್ತ ನಿಂತಳು. ಕಿವಿಗಳು ಕೆಂಪಾಗಿರಲಿಲ್ಲ.

"ಶನಿವಾರ ಯಾಕೆ ಹೇಳ್ಲಿಲ್ಲ?"

"ಶನಿವಾರ ಗೊತ್ತಿರ್ಲಿಲ್ಲ."

"ನಿನ್ನೆ?"

ತಾಯಿ ನೋಟ್‌ಬುಕ್ಕಿನ ಮೂಲೆ ತಿರುವಿದಳು. "ನಿನ್ನೆ ಅರ್ಧ ಗೊತ್ತಿತ್ತು. ಇನ್ನರ್ಧ ಗೊತ್ತಾಗೋದು ಬೇಡ ಅನ್ನಿಸ್ತು."

ಮಗಳು ಒಳಗೆ ಹೋದಳು. ತಾಯಿ ಹೋಗುವುದೋ ನಿಲ್ಲುವುದೋ ತಿಳಿಯದೆ ನಿಂತಿರುವಾಗ ಮತ್ತೆ ಬಾಗಿಲು ತೆರೆದು, ಬಾ ಎಂದಳು. ಸಿಟ್ಟಿನ ದನಿಯೇ. ಆದರೂ ಬಾ ಎಂದಳು.

ಕೋಣೆ ತಣ್ಣಗಿತ್ತು. ಮೇಲಿನವರು ಎಂದು ಮಗಳು ಹೇಳುತ್ತಿದ್ದ ಸಣಕಲು ಮನುಷ್ಯ ಕನ್ನಡಕ ಒರೆಸುತ್ತ ಬಂದು ಅವರ ಹಿಂದೆ ನಿಂತರು. ತಾಯಿಗೆ ಒಂದು ಕುರ್ಚಿ ಎಳೆದುಕೊಟ್ಟರು. ಅವಳು ಅಂಚಿನಲ್ಲಿ ಕೂತಳು. ಮಗಳು ಮುನ್ನೂರ ಇಪ್ಪತ್ತನಾಲ್ಕನೆಯ ಪೆಟ್ಟಿಗೆಯೊಂದನ್ನೇ ತೆರೆದಳು. ಏರುವ ಪಾಲಿನಲ್ಲಿ, ಎಲ್ಲಕ್ಕಿಂತ ಮೇಲೆ, ಕಾಣಲೇಬಾರದಿದ್ದ ಆ ಮೊದಲ ಸದ್ದು ಮದುವೆ ಮನೆಯಲ್ಲಿ ಕರೆಯದೆ ಬಂದ ಅತಿಥಿಯ ಹಾಗೆ ಆರಾಮವಾಗಿ ಕೂತಿತ್ತು. ಮಗಳು ಬಾಯಿಂದ ಗಾಳಿ ಬಿಟ್ಟಳು. ಇದನ್ನು ನೋಡಲು ಅರ್ಧ ನಿಮಿಷ ಸಾಕಾಗಿತ್ತು ಎಂದಳು, ತನಗೆ ತಾನೇ. ಮುನ್ನೂರ ಇಪ್ಪತ್ತನ್ನು ನೋಡಿದ್ದಳು. ಮುನ್ನೂರ ಮೂವತ್ತನ್ನು ನೋಡಿದ್ದಳು. ನಡುವಿನ ಸಂದಿಯಲ್ಲಿ ಏಳೂ ನುಸುಳಿಕೊಂಡಿದ್ದವು.

ಆಮೇಲೆ ಏಳು ಪೆಟ್ಟಿಗೆಗಳ ಕಾಯಿಲ್ ಮಾತ್ರಕ್ಕೆ ಒಂದು ಮೈನಸ್ ಹಾಕಿ ಮತ್ತೆ ಕೂಡಿಸಲು ಬಿಟ್ಟಳು. ಯಂತ್ರ ಲೆಕ್ಕ ಹಾಕತೊಡಗಿತು. ತಾಯಿ ಮನಸ್ಸಿನಲ್ಲೇ ಬೇಡಿಕೊಂಡಳು: ಮಚ್ಚೆ ಸ್ವಲ್ಪವಾದರೂ ಉಳಿಯಲಿ, ತೆಳ್ಳಗಾಗಲಿ, ಚಿಕ್ಕದಾಗಲಿ, ಪೂರ್ತಿ ಹೋಗದಿರಲಿ.

ಪೂರ್ತಿ ಹೋಯಿತು. ಅಲ್ಲಿ ಈಗ ಉಳಿದ ಕಡೆ ಇದ್ದಂಥ ಗೆರೆಗಳೇ, ಒಂದರ ಕೆಳಗೊಂದು, ಏನೂ ನಡೆದೇ ಇಲ್ಲವೆನ್ನುವ ಹಾಗೆ ಈ ಕಡೆಯಿಂದ ಆ ಕಡೆಗೆ ಹಾದುಹೋಗಿದ್ದವು. ನೀರಿನ ಸೂರಿಗೆ ತಾಗಿ ವಾಪಸು ಬಂದ ಸದ್ದನ್ನೇ ತಾನು ಇಷ್ಟು ದಿನ ನೆಲದ ಒಳಗಿನದೆಂದು ನೋಡುತ್ತಿದ್ದೆ ಎಂದಳು ಮಗಳು. ಕನ್ನಡಕದವರು ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದು, ತಮ್ಮ ಕಾಲದಿಂದಲೂ ಹತ್ತಕ್ಕೊಂದೇ ನೋಡುವುದು ಎಂದು ಮೆಲ್ಲಗೆ ಅಂದರು. ಕ್ಷಮೆ ಕೇಳಿದ ಹಾಗಿತ್ತು. ಯಾರಲ್ಲಿ ಎಂದು ಗೊತ್ತಾಗಲಿಲ್ಲ. ಸಭೆಯಲ್ಲಿ ಈ ವಿಷಯವನ್ನು ನಾನೇ ಹೇಳುತ್ತೇನೆ, ನೀನು ಬರದಿದ್ದರೂ ನಡೆಯುತ್ತದೆ ಎಂದು ಮಗಳಿಗೆ ಹೇಳಿದರು.

ಬೇಡ ಸರ್, ಮಚ್ಚೆಯ ಮಾತು ನಾನೇ ಆಡಬೇಕಿತ್ತಲ್ಲ, ಇದನ್ನೂ ನಾನೇ ಆಡ್ತೀನಿ ಎಂದಳು ಅವಳು. ತಾಯಿಯ ಕಡೆ ನೋಡಲಿಲ್ಲ.

ಆ ಮಧ್ಯಾಹ್ನ ಬೆಸುಗೆಯ ಮೇಜಿನ ಮುಂದೆ ಕೂತ ತಾಯಿಗೆ ಕೈಯಲ್ಲಿ ಕೆಲಸವಿರಲಿಲ್ಲ. ಮೇಸ್ತ್ರಿ ಬೆಸುಗೆ ಕಾಯಿಸುವ ಕಡ್ಡಿಯ ಪ್ಲಗ್ಗನ್ನು ತಾವೇ ಎಳೆದು, ವೈರನ್ನು ಸುತ್ತಿ ಇಟ್ಟಿದ್ದರು. ನಾಳೆ ವೈದ್ಯರಿಗೆ ತೋರಿಸಿ ಚೀಟಿ ತರಬೇಕು, ಕೈ ವಾಸಿಯಾಗುವ ತನಕ ಉಂಗುರದ ಮೇಜು ಎಂದಿದ್ದರು. ವಾಸಿಯಾಗುವ ತನಕ ಎಂಬ ಮಾತನ್ನು ಅವರು ಎರಡು ಸಲ ಹೇಳಿದ್ದರಿಂದಲೇ ಅವಳಿಗೆ ಅನುಮಾನ ಬಂತು. ಆದರೆ ಅವರು ಇನ್ನೊಂದು ಕೆಲಸವನ್ನೂ ಹೇಳಿದ್ದರು. ವರ್ಕ್‌ಶಾಪಿನಲ್ಲಿದ್ದ ಎಲ್ಲ ಪೆಟ್ಟಿಗೆಗಳ ಪಕ್ಕೆಗೂ ಒಂದೊಂದು ಬಾಣ ಬರೆಯಬೇಕು, ತಟ್ಟುವಾಗ ಬಾಣ ಆಕಾಶ ನೋಡುತ್ತಿರಬೇಕು. ಅವಳು ಎಡಗೈಯಲ್ಲಿ ಕುಂಚ ಹಿಡಿದು ಬರೆದಳು. ಬಾಣಗಳು ಸ್ವಲ್ಪ ವಾಲಿದವು, ಆದರೂ ಮೇಲೆ ಯಾವುದೆಂದು ಯಾರಿಗಾದರೂ ತಿಳಿಯುವ ಹಾಗಿದ್ದವು. ಮೂರು ಗಂಟೆಯಾಯಿತು. ಮೂರೂವರೆಯಾಯಿತು. ಅಂಗಳದ ಆಚೆಯ ಮೂರನೇ ಮಹಡಿಯ ಕಿಟಕಿಗಳು ಮುಚ್ಚಿಯೇ ಇದ್ದವು.

ಮಗಳು ಆರು ಗಂಟೆಗೆ ಮನೆಗೆ ಬಂದಳು. ಈ ಸಲ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದಳು. ಏಳು ಪೆಟ್ಟಿಗೆಗಳ ಕಾಯಿಲ್ ಉಲ್ಟಾ ಆಗಿತ್ತು, ನಾನು ಹತ್ತಕ್ಕೊಂದು ಮಾತ್ರ ನೋಡಿದ್ದೆ, ಆ ಮಚ್ಚೆ ಇಲ್ಲ ಎಂದು ಹೇಳಿ ಕೂತೆ ಎಂದಳು. ಮೂರು ನಿಮಿಷವೂ ಹಿಡಿಯಲಿಲ್ಲವಂತೆ. ಕಂಪನಿಯವರಲ್ಲಿ ಒಬ್ಬರು, ಕೊರೆಯುವ ಮೊದಲೇ ಹೇಳಿದಿರಲ್ಲ, ಸದ್ಯ ಎಂದರಂತೆ; ಇನ್ನೊಬ್ಬರು ಗಡಿಯಾರ ನೋಡಿದರಂತೆ. ಬೇರೆಯವರು ಗುರುತಿಸಿದ್ದ ಇನ್ನೊಂದು ಜಾಗದ ಬಗ್ಗೆ ಸಂಜೆಯ ತನಕ ಮಾತು ನಡೆಯಿತಂತೆ. ಇವಳು ಟಿಪ್ಪಣಿ ಬರೆದುಕೊಂಡಳಂತೆ.

ಹೇಳಿ ಮುಗಿಸಿ, ಚೀಲದಿಂದ ಔಷಧಿ ಅಂಗಡಿಯ ಪೊಟ್ಟಣ ತೆಗೆದಳು. ಒಳಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇತ್ತು. ಎಷ್ಟು ದಿನದಿಂದ ಎಂದು ಕೇಳಿದಳು. ನಾಲ್ಕು ತಿಂಗಳು ಎಂದಳು ತಾಯಿ. ಮಗಳು ತುಟಿ ಬಿಗಿಹಿಡಿದು ಪಟ್ಟಿಯನ್ನು ಸುತ್ತತೊಡಗಿದಳು. ಸುತ್ತಿದಂತೆ ಹೆಬ್ಬೆರಳಿನ ತೂತು ಕಿರುಬೆರಳಿನ ಕಡೆಗೆ ಬಂತು. ಅತ್ತೆ ಹಾಸಿಗೆಯಿಂದಲೇ ನೋಡುತ್ತಿದ್ದರು.

"ಅದನ್ನೂ ತಲೆಕೆಳಗೆ ಹಾಕ್ತಿದೀಯಲ್ಲೇ. ತಾಯಿಗೆ ತಕ್ಕ ಮಗಳು."

ಮೊದಲು ನಕ್ಕದ್ದು ಮಗಳೇ, ಇಷ್ಟವಿಲ್ಲದೆ ನಕ್ಕ ಹಾಗೆ, ಮೂಗಿನಿಂದ. ಬಿಚ್ಚಿ ಸರಿಯಾಗಿ ಕಟ್ಟಿದಳು. ಕಟ್ಟಿದ ಮೇಲೂ ಕೈ ಬಿಡದೆ, ತಲೆ ಎತ್ತದೆ, ನಾಳೆಯಿಂದ ಈ ಸಲ ತಳಕ್ಕಿಳಿಸಿದ್ದ ಇನ್ನೂರ ನಲವತ್ತೂ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಬೇಕು ಎಂದಳು. ನೋಡುವಾಗ ಯಾವುದಕ್ಕೆ ಯಾವಾಗ ವರ್ಕ್‌ಶಾಪಿನಲ್ಲಿ ಏನು ಮಾಡಿದ್ದೀರಿ ಎಂಬುದು ಬೇಕಾಗುತ್ತದೆ. ಬೇರೆ ಮೇಜಿನವರು ಯಾರೂ ಬರೆದಿಟ್ಟಿಲ್ಲವಂತೆ.

"ನಿನ್ನ ನೋಟ್‌ಬುಕ್ ಕೊಡ್ತೀಯಾ ಅಮ್ಮ?"

ಕೊಡುತ್ತೇನೆ, ಸ್ವಲ್ಪ ತಾಳು ಎಂದು ತಾಯಿ ಎದ್ದು ಹೋಗಿ ತನ್ನ ಚೀಲದಿಂದ ಅದನ್ನು ತೆಗೆದುಕೊಂಡು ಬಂದಳು. ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಆ ಪುಟ ತೆರೆದಳು. ಪಟ್ಟಿಯೊಳಗೆ ಬಲಗೈ ಬಗ್ಗುತ್ತಿರಲಿಲ್ಲ. ಪೆನ್ನನ್ನು ಎಡಗೈಗೆ ಬದಲಿಸಿಕೊಂಡಳು. ಈ ಸಲ ಇಬ್ಬರೂ ನೋಡುತ್ತಿರುವಂತೆಯೇ ಬದಲಿಸಿಕೊಂಡಳು. 321ರಿಂದ 327ರ ಸಾಲಿನ ಕೆಳಗೆ ಉಳಿದಿದ್ದ ಕಿರಿದಾದ ಜಾಗದಲ್ಲಿ, ಒಂದನೇ ತರಗತಿಯ ಮಗುವಿನಂಥ ಸೊಟ್ಟ ಅಕ್ಷರದಲ್ಲಿ ಬರೆದಳು: ಕಾಯಿಲ್ ಸರಿಯಾಗಿಯೇ ಇತ್ತು, ಪೆಟ್ಟಿಗೆ ತಲೆಕೆಳಗಿತ್ತು, ತಪ್ಪು ನನ್ನದು. ತಾರೀಖು ಹಾಕಿ, ಶಾಯಿ ಆರುವ ತನಕ ಊದಿ, ಪುಸ್ತಕ ಮುಚ್ಚಿ ಮಗಳ ಕೈಗೆ ಕೊಟ್ಟಳು.